ದಾಕಿನ ಋಣ

ನಮ್ಮ ತಾಯಂದಿರ ಕಾಲದ ಹೆಂಗಸರ ತೋಳಿನ ಮೇಲೆ ನಾಲ್ಕಾಣೆ ಅಗಲದ ಒಂದೆರಡು ಕಲೆಗಳಿರುತ್ತಿದ್ದವು. ರವಿಕೆಯ ತೋಳಿನ ಅಂಚಿನಿಂದ ಅವು ಇಣುಕುತ್ತಿದ್ದವು. ಏನಿದು ಎಂದು ಕೇಳಿದರೆ, 'ಸಿಡುಬಿಗೆ ದಾಕು ಹಾಕಿಸಿದ್ದು' ಎನ್ನುತ್ತಿದ್ದರು. ಲಸಿಕೆ ಎಂಬ ಮಾತು ಪಠ್ಯಪುಸ್ತಕದಲ್ಲಿತ್ತು, ದಾಕು ಮನೆಯಲ್ಲಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಲೋಕದಿಂದಲೇ ಆ ರೋಗ ತೊಲಗಿತೆಂದು ಸಾರಿತು. ಅಲ್ಲಿಗೆ ದಾಕೂ ನಿಂತಿತು, ಆ ಕಲೆಗಳು ನನ್ನ ವಯಸ್ಸಿನವರೊಂದಿಗೇ ಮುಗಿದುವು. ಈಗಿನ ಹುಡುಗಿಯರಿಗೆ ಅದೇನೆಂದು ವಿವರಿಸಿ ಹೇಳಬೇಕು.

2024ರ ಬೇಸಿಗೆಯಲ್ಲಿ ನಮ್ಮ ಜಯಲಕ್ಷ್ಮಿಪುರಂನಲ್ಲಿ ದಾಕಿನ ಮಾತು ಮತ್ತೆ ಎದ್ದಿತು. ಕೋವಿಶೀಲ್ಡ್ ಲಸಿಕೆಯ ಮೂಲ ಕಂಪನಿಯಾದ ಆಸ್ಟ್ರಾಜೆನೆಕಾ, ತನ್ನ ಲಸಿಕೆಯಿಂದ ಬಲು ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು ಇಂಗ್ಲೆಂಡಿನ ನ್ಯಾಯಾಲಯದ ಕಾಗದದಲ್ಲಿ ಒಪ್ಪಿಕೊಂಡಿದೆ ಎಂಬ ಸುದ್ದಿ ಆಗ ಬಂತು. ಸಂಜೆ ಕಾಳಿದಾಸ ರಸ್ತೆಯ ಕಡೆ ನಡೆಯಲು ಹೋದರೆ ಇದೇ ಮಾತು. ಟೀಚರಾದ್ದರಿಂದ ಎಲ್ಲರೂ ನನ್ನನ್ನೇ ಕೇಳುವವರು. ಮೂರು ವರ್ಷದ ಹಿಂದೆ ಚುಚ್ಚಿಸಿಕೊಂಡು ಸುಖವಾಗಿರುವವರ ಭಯವನ್ನು ಸಮಾಧಾನ ಮಾಡುವುದು ಸುಲಭವಾಗಿತ್ತು. ಆ ತೊಂದರೆ ಬರುವುದಿದ್ದರೆ ಚುಚ್ಚಿದ ಕೆಲವು ವಾರಗಳೊಳಗೇ ಬರುತ್ತಿತ್ತು. ಆದರೆ ಒಬ್ಬಾಕೆ ಕೇಳಿದ ಪ್ರಶ್ನೆ ಅಷ್ಟು ಸುಲಭದ್ದಲ್ಲ. 'ಅಪರೂಪಕ್ಕೆ ಅಂತೀರಲ್ಲ ಟೀಚರ್, ಆ ಅಪರೂಪದವರ ಮನೆಗೆ ಯಾರು ಹೋಗಿ ಏನು ಹೇಳ್ತಾರೆ?' ಎಂದರು ಆಕೆ.

ಇತಿಹಾಸ ಪಾಠ ಮಾಡುವವಳಾದ ನನಗೆ ಈ ಪ್ರಶ್ನೆ ಹಳೆಯದು ಎನಿಸಿತು. ಅದರ ಜಾಡು ಹಿಡಿದು ಹೋದರೆ ದಾರಿ ನಮ್ಮ ಮೈಸೂರಿನಿಂದಲೇ ಹೊರಡುತ್ತದೆ.

ಭಾರತದಲ್ಲಿ ಮೊದಲ ಬಾರಿಗೆ ದಾಕು ಫಲಿಸಿದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ. ಆಗ ಲಸಿಕೆಯನ್ನು ಸೀಸೆಯಲ್ಲಿ ತುಂಬಿ ಬಹಳ ದೂರ ಕಳಿಸುವ ಉಪಾಯವಿರಲಿಲ್ಲ. ಒಂದು ಮಗುವಿಗೆ ದಾಕು ಹಾಕಿ, ಎಂಟನೆಯ ದಿನ ಆ ಗುಳ್ಳೆಯಿಂದ ರಸ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಅದು ನಡೆಯಿತು. ಎಂದರೆ ಲಸಿಕೆಯ ಸೀಸೆಯೇ ಮಕ್ಕಳು. ಒಂದು ಮಗುವಿನ ರಕ್ತದಲ್ಲಿದ್ದ ಬೇರೆ ರೋಗ ಇನ್ನೊಂದಕ್ಕೆ ಅಂಟುವ ಅಪಾಯವೂ ಈ ಕ್ರಮದಲ್ಲಿತ್ತು. ನಮ್ಮ ಮೇಲಿನ ದಾಕಿನ ಋಣದಲ್ಲಿ ಮೊದಲ ಕಂತು ಆ ಮಕ್ಕಳದು.

ಮೂರು ವರ್ಷದೊಳಗೆ ಅದು ಮೈಸೂರಿನ ಅರಮನೆಯನ್ನು ತಲುಪಿತು. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಬರೆದ ಒಂದು ತೈಲಚಿತ್ರವಿದೆ. ಅದರಲ್ಲಿ ಮೂವರು ಸ್ತ್ರೀಯರು, ಮೈತುಂಬ ಒಡವೆ. ಬಹುಕಾಲ ಅವರು ಯಾರೋ ನರ್ತಕಿಯರೆಂದು ಜನ ತಿಳಿದಿದ್ದರು. ಅವರು ಮೈಸೂರಿನ ರಾಜಸ್ತ್ರೀಯರು, ನಡುವೆ ನಿಂತವರು ಮಹಾರಾಣಿ ಲಕ್ಷ್ಮಮ್ಮಣ್ಣಿ, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಆಕೆ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಪ್ರಚಾರಕ್ಕಾಗಿ ಎಂಬುದು ಅವರ ಅಭಿಪ್ರಾಯ. ಒಪ್ಪದ ವಿದ್ವಾಂಸರೂ ಇದ್ದಾರೆ. ಚಿತ್ರದ ಅರ್ಥ ಏನೇ ಇರಲಿ, ರಾಣಿವಾಸದವರು ದಾಕು ಹಾಕಿಸಿಕೊಂಡದ್ದರಿಂದ ಜನರಿಗೆ ಧೈರ್ಯ ಬಂತೆಂದು ಅಂದಿನ ಕಂಪನಿ ಸರ್ಕಾರದವರು ಬರೆದಿಟ್ಟಿದ್ದಾರೆ. ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು, ಯಾರಿಗೂ ಸರಿಯಾಗಿ ಗೊತ್ತಿಲ್ಲದ ಮದ್ದಿಗೆ ತೋಳು ಕೊಟ್ಟು, ಇಡೀ ಸೀಮೆಯ ಮಕ್ಕಳಿಗೆ ದಾರಿ ತೋರಿದಳು.

ದಾಕಿನ ಸ್ವಭಾವವೇ ಇದು. ತಲೆನೋವಿನ ಮಾತ್ರೆ ನುಂಗಿದರೆ ಗುಣ ನಮಗೆ, ಅಪಾಯವೂ ನಮಗೆ. ದಾಕು ಹಾಗಲ್ಲ. ಒಂದು ಮಗುವಿಗೆ ಹಾಕಿಸಿದರೆ ಪಕ್ಕದ ಮನೆಯ ಮಗುವಿಗೂ ರಕ್ಷಣೆ. ರಕ್ಷಣೆ ಊರಿಗೆಲ್ಲ ಹಂಚಿಹೋಗುತ್ತದೆ. ಆದರೆ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದರಂತೆ ಕೆಡುಕಾದಾಗ ಅದು ಹಂಚಿಹೋಗುವುದಿಲ್ಲ, ಒಂದೇ ಮನೆಯ ಹೊಸ್ತಿಲಲ್ಲಿ ಕೂತುಬಿಡುತ್ತದೆ.

ಹಾಗೆ ಕೆಡುಕಾದಾಗ ಸರ್ಕಾರಗಳು ಮೊದಲು ಮಾಡಿದ ಕೆಲಸ ತಪ್ಪಿತಸ್ಥನನ್ನು ಹುಡುಕುವುದು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದು, ಮೈಸೂರಿಗೂ ಹಬ್ಬಿತು. ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನಡೆಸುತ್ತಿದ್ದ ಕಾಲವದು. ಹುಬ್ಬಳ್ಳಿಯಲ್ಲಿ ಆ ವರ್ಷ ಸಾವಿರಾರು ಜನಕ್ಕೆ ಪ್ಲೇಗಿನ ಚುಚ್ಚುಮದ್ದು ಹಾಕಿದರು. ಆ ಮದ್ದನ್ನು ಬೊಂಬಾಯಿಯಲ್ಲಿ ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್ಕಿನ್. 1897ರ ಜನವರಿಯಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದ ಪುಣ್ಯಾತ್ಮರು ಅವರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಚುಚ್ಚಿಸಿಕೊಂಡರು. ಅವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಕೂಡಲೇ ಹಾಫ್ಕಿನ್‌ರನ್ನು ಕೆಲಸದಿಂದ ದೂರವಿಟ್ಟರು. ಸೀಸೆಯನ್ನು ತೆರೆದ ಸ್ಥಳದಲ್ಲೇ ಚಿಮುಟ ನೆಲಕ್ಕೆ ಬಿದ್ದು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದರು ಎಂಬ ಸಂಗತಿ ಆಮೇಲೆ ಹೊರಬಂತು. ರೊನಾಲ್ಡ್ ರಾಸ್‌ರಂತಹ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದು ವಾದಿಸಿದ ಮೇಲೆ, 1907ರಲ್ಲಿ ಅವರು ನಿರ್ದೋಷಿ ಎಂದಾಯಿತು.

ಐದು ವರ್ಷದ ಆ ಗಲಾಟೆಯೆಲ್ಲ 'ತಪ್ಪು ಯಾರದು' ಎಂಬುದರ ಸುತ್ತ ನಡೆಯಿತು. 'ಆ 19 ಮನೆಗಳ ಗತಿಯೇನು' ಎಂಬುದು ಬೇರೆಯೇ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದರೆ ಏನಾಗುತ್ತದೆ ನೋಡಿ. ಒಳ್ಳೆಯ ವಿಜ್ಞಾನಿಗೆ ಕಳಂಕ ಬಂತು, ಅದರಿಂದ ಸತ್ತವರ ಮನೆಯ ಒಲೆ ಹತ್ತಲಿಲ್ಲ.

ನಮ್ಮ ಕಡೆಯ ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದೇ. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮನ್ನೆಲ್ಲ ಹೆದರಿಸುತ್ತಿದ್ದರಲ್ಲ, ಅದು. ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಈ ಮದ್ದು ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ದಕ್ಷಿಣದಲ್ಲಿ, ನಮ್ಮ ಮೈಸೂರಿನಿಂದ ಒಂದು ದಿನದ ದಾರಿಯ ಕೂನೂರಿನಲ್ಲಿ, 1907ರಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ಹುಚ್ಚುನಾಯಿ ರೋಗ ಬಂದರೆ ಉಳಿಯುವವರಿಲ್ಲ, ಆದ್ದರಿಂದ ಆ ಹದಿನಾಲ್ಕು ಸೂಜಿಗಳು ಲೆಕ್ಕವಿಲ್ಲದಷ್ಟು ಪ್ರಾಣ ಉಳಿಸಿದವು. ಆದರೆ ಅದರಲ್ಲಿದ್ದ ಮಿದುಳಿನ ಅಂಶದಿಂದ ಕೆಲವು ಸಾವಿರಕ್ಕೆ ಒಬ್ಬರಿಗೆ ನರಗಳ ಊತ ಬಂದು ಕಾಲು ಸೋಲುತ್ತಿತ್ತು, ಕೆಲವರು ಸತ್ತದ್ದೂ ಉಂಟು. ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇದನ್ನು ಬಿಟ್ಟುಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1984ರಲ್ಲೇ ಹೇಳಿದರು. ನಮ್ಮ ದೇಶದಲ್ಲಿ ತಯಾರಿಕೆ ನಿಂತದ್ದು 2004ರ ಕೊನೆಗೆ. ಹೊಸ ಮದ್ದಿಗೆ ದುಡ್ಡು ಹೆಚ್ಚು, ಹಳೆಯದು ಅಗ್ಗ. ಆ ಇಪ್ಪತ್ತು ವರ್ಷ ಅಪಾಯವನ್ನು ಹೊತ್ತವರು ಹೊಸ ಮದ್ದು ಕೊಳ್ಳಲಾಗದ ಬಡವರು.

ಇನ್ನು ನಾನು ಹತ್ತಿರದಿಂದ ಕಂಡ ಒಂದು ಮೊಕದ್ದಮೆಯ ವಿಚಾರ. ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದ ಒಬ್ಬಾಕೆಯ ಮಗನಿಗೆ ಒಂದೂವರೆ ವರ್ಷದಲ್ಲಿ, 1998ರಲ್ಲಿ, ಖಾಸಗಿ ಕ್ಲಿನಿಕ್ಕೊಂದರಲ್ಲಿ ದುಡ್ಡು ಕೊಟ್ಟು ಮೂರು ರೋಗದ ಇಂಜೆಕ್ಷನ್ ಹಾಕಿಸಿದ್ದರು. ಕುಂಡಿಗೆ ಚುಚ್ಚಿದ್ದು. ಮಾರನೆಯ ದಿನದಿಂದಲೇ ಹುಡುಗ ಆ ಕಡೆಯ ಪಾದವನ್ನು ಎತ್ತಲಾರದೆ ಎಳೆಯತೊಡಗಿದ. ಅಜ್ಜಿ ಎಣ್ಣೆ ನೀವಿದರು, ಯಾರೋ ತಾಯತ ಕಟ್ಟಿದರು. ಹೀಗೇ ತಿಂಗಳು ಕಳೆಯಿತು. ಎರಡು ವರ್ಷ ಆಸ್ಪತ್ರೆಗಳನ್ನು ಸುತ್ತಿದ ಮೇಲೆ ಆಕೆ ಅರ್ಜಿ ಬರೆಸಲು ನನ್ನ ಬಳಿ ಬಂದರು. ಹಾಗೆ ನಾನು ಆ ಫೈಲಿನ ಜೊತೆಗಾತಿಯಾದೆ.

ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ ಅಲ್ಲಿ ಎರಡು ವರ್ಷದ ಗಡುವು, ಅದು ಮೀರಿತ್ತು. ಕೋರ್ಟಿನ ಆವರಣದಲ್ಲಿದ್ದ ಕಾನೂನು ಸೇವಾ ಪ್ರಾಧಿಕಾರದವರು ವಕೀಲರನ್ನು ಕೊಟ್ಟರು. ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ, ಈ ನೆರವು ಉಚಿತ. ಅಪ್ರಾಪ್ತ ವಯಸ್ಕರಿಗೆ ಹದಿನೆಂಟು ತುಂಬುವ ತನಕ ಕಾಲಮಿತಿ ಓಡುವುದಿಲ್ಲವಾದ್ದರಿಂದ, ವಕೀಲರು ಮಗನ ಹೆಸರಿನಲ್ಲೇ ತಾಯಿಯ ಮೂಲಕ ಸಿವಿಲ್ ದಾವೆ ಹೂಡಿದರು. ಎದುರು ಕಡೆಯವರು, ಇದು ಇಂಜೆಕ್ಷನ್ನಿನಿಂದ ಆದದ್ದಲ್ಲ, ಪೋಲಿಯೋ ಎಂದರು. 1997ರಿಂದ ದೇಶದಲ್ಲಿ ಒಂದು ಏರ್ಪಾಡು ಬಂದಿತ್ತು. ಮಗುವಿನ ಕೈಕಾಲು ದಿಢೀರನೆ ಸೋತರೆ ಹದಿನಾಲ್ಕು ದಿನದೊಳಗೆ ಮಲ ಪರೀಕ್ಷೆ ಮಾಡಿಸಿ ಪೋಲಿಯೋ ಹೌದೋ ಅಲ್ಲವೋ ನೋಡುವುದು. ಎಣ್ಣೆ ನೀವುವುದರಲ್ಲಿ ಆ ಹದಿನಾಲ್ಕು ದಿನ ಹೋಗಿತ್ತು. ಬೆಂಗಳೂರಿನಲ್ಲಿ ನರದ ಪರೀಕ್ಷೆ ಮಾಡಿಸಿದಾಗ, ಸೊಂಟದ ಕೆಳಗಿನ ದೊಡ್ಡ ನರಕ್ಕೆ ಪೆಟ್ಟಾಗಿದೆ, ಇಂಜೆಕ್ಷನ್ನಿನಿಂದ ಆಗಿರಬಹುದು ಎಂದು ಬರೆದುಕೊಟ್ಟರು. ಇಡೀ ದಾವೆ ಆ 'ಬಹುದು' ಎಂಬ ಮೂರಕ್ಷರದ ಮೇಲೆ ನಿಂತಿತ್ತು. ತರಗತಿಯಲ್ಲಿ ಕ್ರಿಯಾಪದದ ರೂಪಗಳನ್ನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಒಂದು ರೂಪಕ್ಕೆ ಇಷ್ಟು ಭಾರವಿರುತ್ತದೆಂದು ತಿಳಿದದ್ದು ಆಗ.

2003ರಲ್ಲಿ ಎದುರು ಕಡೆಯವರು ರಾಜಿಗೆ ಬಂದರು. 'ತಪ್ಪನ್ನು ಒಪ್ಪಿಕೊಳ್ಳದೆ, ಮಾನವೀಯ ದೃಷ್ಟಿಯಿಂದ' ಇಷ್ಟು ಹಣ ಕೊಡುತ್ತೇವೆ, ಮುಂದೆ ಯಾವ ತಕರಾರೂ ಇರಕೂಡದು ಎಂದು ಕರಡು ಬಂತು. ಆಕೆ ಸಹಿ ಹಾಕಲು ಹಿಂದೆಮುಂದೆ ನೋಡಿದರು. ಸಹಿ ಹಾಕಿದರೆ ಸೋತಂತೆ, ಹಾಕದಿದ್ದರೆ ಇನ್ನೆಷ್ಟು ವರ್ಷವೋ. ಅಪ್ರಾಪ್ತ ವಯಸ್ಕರ ದಾವೆಯಲ್ಲಿ ತಾಯಿತಂದೆಯರಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಮಗುವಿನ ಹಕ್ಕನ್ನು ದೊಡ್ಡವರು ತಮ್ಮ ಕಷ್ಟಕ್ಕೆ ಅಗ್ಗವಾಗಿ ಬಿಟ್ಟುಕೊಡಬಾರದೆಂಬ ಕಾಳಜಿ ಅದು. ನ್ಯಾಯಾಧೀಶರು ಆಕೆಯನ್ನು ಹತ್ತಿರ ಕರೆದು, ಕಾಗದದಲ್ಲಿರುವುದು ಅರ್ಥವಾಗಿದೆಯೇ, ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದರು. ಹಣವನ್ನು ಹುಡುಗನ ಹೆಸರಿನಲ್ಲಿ ಹದಿನೆಂಟರವರೆಗೆ ಬ್ಯಾಂಕಿನಲ್ಲಿಟ್ಟು, ಬಡ್ಡಿಯನ್ನು ಮಾತ್ರ ತಾಯಿ ತೆಗೆದುಕೊಳ್ಳುವಂತೆ ಆದೇಶವಾಯಿತು. ಆ ಬಡ್ಡಿಯಲ್ಲಿ ಹುಡುಗನ ಪಾದದ ಪಟ್ಟಿ, ಬೂಟು, ವ್ಯಾಯಾಮದ ಖರ್ಚು ನಡೆಯಿತು. ಒಟ್ಟಿನಲ್ಲಿ ರಾಜಿ ಒಳ್ಳೆಯದೇ ಆಯಿತು.

ಆದರೂ ಆಕೆ ನನ್ನಲ್ಲಿ ಹೇಳಿದ ಮಾತು ಬೇರೆ. 'ದುಡ್ಡು ಬಂತು ಟೀಚರ್. ಆದರೆ ನಿನ್ನ ಮಗನಿಗೆ ಹಿಂಗಾಯ್ತಮ್ಮ ಅಂತ ಒಂದು ಮಾತು ಯಾರ ಬಾಯಿಂದಾನೂ ಬರಲಿಲ್ಲ.' ಇದೇ ಆಕೆ ಎರಡನೆಯ ಮಗಳಿಗೆ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ನಾನು ಕೇಳಿದ್ದಕ್ಕೆ, 'ಅವನಿಗೆ ಆಗಿದ್ದು ಆಯ್ತು ಅಂತ ಇವಳನ್ನ ದಡಾರಕ್ಕೆ ಬಿಡೋಕಾಗುತ್ತಾ?' ಎಂದರು. ಪರಿಹಾರ ಕೇಳುವವರೆಲ್ಲ ಲಸಿಕೆಯ ವೈರಿಗಳು ಎಂದು ಭಾವಿಸುವವರು ಈ ಮಾತನ್ನು ಕೇಳಬೇಕಿತ್ತು.

ಆಕೆ ಕ್ಲಿನಿಕ್ಕಿಗೆ ದುಡ್ಡು ಕೊಟ್ಟಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕಿಸಿದವರ ದಾರಿ ಇನ್ನೂ ಕಿರಿದು. ವೈದ್ಯಸೇವೆಯೂ ಗ್ರಾಹಕ ಕಾಯಿದೆಗೆ ಸೇರುತ್ತದೆಂದು ಸುಪ್ರೀಂ ಕೋರ್ಟು 1995ರ ನವೆಂಬರಿನಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಆದರೆ ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಯನ್ನು ಅದರಿಂದ ಹೊರಗಿಟ್ಟಿತು. 1998ರಲ್ಲಿ ದೆಹಲಿ ಕಡೆಯ ಖಾಸಗಿ ಆಸ್ಪತ್ರೆಯೊಂದರ ಮೊಕದ್ದಮೆಯಲ್ಲಿ, ತಪ್ಪು ಇಂಜೆಕ್ಷನ್ನಿನಿಂದ ಮಿದುಳಿಗೆ ಪೆಟ್ಟಾದ ಮಗುವಿಗೆ 12.5 ಲಕ್ಷ ರೂಪಾಯಿ, ತಾಯಿತಂದೆಯರ ನೋವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಅದೇ ಕೋರ್ಟು ಎತ್ತಿಹಿಡಿಯಿತು. ಉಚಿತ ಆಸ್ಪತ್ರೆಯವರಿಗೆ ಉಳಿದದ್ದು ಸಿವಿಲ್ ಕೋರ್ಟು. ಅಲ್ಲಿನ ನಡಿಗೆ ಹೇಗೆಂಬುದಕ್ಕೆ ಒಂದು ನಿದರ್ಶನ ಸಾಕು. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಬಟ್ಟೆ ಉಳಿದು ಬಾಣಂತಿಯೊಬ್ಬಳು ತೀರಿಕೊಂಡಳು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಅಷ್ಟರಲ್ಲಿ ಮೂವತ್ತಮೂರು ವರ್ಷವಾಗಿತ್ತು.

ಅಲ್ಲೆಲ್ಲ ಯಾರೋ ಒಬ್ಬರು ತಪ್ಪು ಮಾಡಿದ್ದರು. ಯಾರೂ ತಪ್ಪು ಮಾಡದೆಯೂ ಕೆಡುಕಾದರೆ? ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಅಮೆರಿಕದಲ್ಲಿ. 1955ರ ಏಪ್ರಿಲಿನಲ್ಲಿ ಹೊಸದಾಗಿ ಬಂದ ಪೋಲಿಯೋ ಲಸಿಕೆಯ ಪೈಕಿ ಕಟ್ಟರ್ ಎಂಬ ಕಂಪನಿಯ ಕೆಲವು ಸೀಸೆಗಳಲ್ಲಿ ವೈರಾಣು ಸಾಯದೆ ಉಳಿದಿತ್ತು. ಸುಮಾರು 200 ಮಂದಿಗೆ ಅಂಗ ಸೋತಿತು, 10 ಮಂದಿ ಸತ್ತರು. ಇಬ್ಬರು ಮಕ್ಕಳ ಪರವಾಗಿ ಹೂಡಿದ ದಾವೆಯಲ್ಲಿ 1958ರಲ್ಲಿ ಪಂಚರು ಒಂದು ವಿಚಿತ್ರ ತೀರ್ಮಾನ ಕೊಟ್ಟರು. ಕಂಪನಿ ಅಜಾಗರೂಕತೆ ತೋರಿಲ್ಲ, ಆದರೂ ಪರಿಹಾರ ಕೊಡಲೇಬೇಕು ಎಂದರು. ಒಳ್ಳೆಯದೆಂದು ನಂಬಿಸಿ ಕೊಟ್ಟ ವಸ್ತು ಕೆಡುಕು ಮಾಡಿದರೆ ಕೊಟ್ಟವರು ಹೊಣೆ ಎಂಬುದು ಅದರ ತಿರುಳು.

ಜರ್ಮನಿ 1961ರಲ್ಲೇ ಲಸಿಕೆಯಿಂದ ತೊಂದರೆಗೊಳಗಾದವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾನೂನು ಮಾಡಿತು. ಇಂಗ್ಲೆಂಡಿನ ಕತೆಯಲ್ಲಿ ನಮಗೂ ಒಂದು ಪಾಠವಿದೆ. ನಾಯಿಕೆಮ್ಮಿನ ಲಸಿಕೆಯಿಂದ ಮಕ್ಕಳ ಮಿದುಳಿಗೆ ಪೆಟ್ಟಾಗುತ್ತದೆಂಬ ಸುದ್ದಿ 1974ರ ನಂತರ ಹಬ್ಬಿ, ನೂರಕ್ಕೆ ಎಂಬತ್ತರಷ್ಟು ಮಕ್ಕಳಿಗೆ ಹಾಕಿಸುತ್ತಿದ್ದುದು ಮೂವತ್ತರ ಆಸುಪಾಸಿಗೆ ಇಳಿಯಿತು. ಹಿಂದೆಯೇ ನಾಯಿಕೆಮ್ಮು ಮರಳಿ ಬಂದು ಲಕ್ಷಕ್ಕೂ ಮೀರಿ ಮಕ್ಕಳು ನರಳಿದರು. ರೋಸ್‌ಮರಿ ಫಾಕ್ಸ್ ಎಂಬ ತಾಯಿ, ತನ್ನಂತಹ ತಾಯಿತಂದೆಯರನ್ನು ಒಟ್ಟುಗೂಡಿಸಿ ಸರ್ಕಾರದ ಬಾಗಿಲು ತಟ್ಟಿದರು. 1979ರಲ್ಲಿ ಕಾನೂನು ಬಂತು. ತೀವ್ರವಾಗಿ ಊನಗೊಂಡವರಿಗೆ ಆಗ 10,000 ಪೌಂಡು, 2007ರಿಂದ 1,20,000 ಪೌಂಡು. ಅಮೆರಿಕ 1986ರಲ್ಲಿ ಇನ್ನೊಂದು ಉಪಾಯ ಮಾಡಿತು. ಒಂದು ಡೋಸಿಗೆ ಇಷ್ಟೆಂದು ತೆರಿಗೆ ಕೂಡಿಸಿ ಒಂದು ನಿಧಿ ಮಾಡಿದರು. ಅರ್ಜಿದಾರರು ಕಂಪನಿಯ ತಪ್ಪನ್ನು ರುಜುವಾತು ಮಾಡಬೇಕಿಲ್ಲ. ಅಲ್ಲಿಯೂ ಪರಿಹಾರ ಸಿಕ್ಕ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ರಾಜಿಯಲ್ಲೇ ಮುಗಿಯುತ್ತವೆ. ಅದರಲ್ಲೂ ಲಸಿಕೆಯೇ ಕಾರಣವೆಂದು ಯಾರೂ ಒಪ್ಪಿರುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣವೂ ಇಲ್ಲದಿಲ್ಲ. ಚುಚ್ಚಿದ ಮೇಲೆ ಆದದ್ದೆಲ್ಲ ಚುಚ್ಚಿದ್ದರಿಂದಲೇ ಆದದ್ದಲ್ಲ. ಎಳೆಯ ಮಕ್ಕಳಿಗೆ ಫಿಟ್ಸು ಮೊದಲು ಕಾಣಿಸಿಕೊಳ್ಳುವ ವಯಸ್ಸು, ಇಂಜೆಕ್ಷನ್ ಹಾಕಿಸುವ ವಯಸ್ಸು ಎರಡೂ ಒಂದೇ. 2006ರಲ್ಲಿ ಆಸ್ಟ್ರೇಲಿಯಾದ ನರವೈದ್ಯ ಸ್ಯಾಮ್ಯುಯೆಲ್ ಬರ್ಕೋವಿಕ್ ಮತ್ತು ಸಂಗಡಿಗರು, ನಾಯಿಕೆಮ್ಮಿನ ಲಸಿಕೆಯಿಂದ ಮಿದುಳು ಕೆಟ್ಟಿತೆಂದು ಭಾವಿಸಿದ್ದ 14 ಮಂದಿಯ ರಕ್ತ ಪರೀಕ್ಷಿಸಿದರು. ಅವರಲ್ಲಿ 11 ಮಂದಿಗೆ ಹುಟ್ಟಿನಿಂದಲೇ ಬಂದ ವಂಶವಾಹಿಯ ದೋಷವಿತ್ತು. ಲಸಿಕೆ ಹಾಕಿಸದಿದ್ದರೂ ಆ ರೋಗ ಬರುವುದೇ ಇತ್ತು. ಎಷ್ಟೋ ವರ್ಷ 'ನಾನೇ ಕೈಯಾರೆ ಕರೆದುಕೊಂಡು ಹೋಗಿ ಹಾಕಿಸಿದೆನಲ್ಲ' ಎಂದು ಕೊರಗಿದ ತಾಯಂದಿರಿಗೆ ಆ ಪರೀಕ್ಷೆ ಎಷ್ಟು ದೊಡ್ಡ ಬಿಡುಗಡೆ ಎಂದು ಯೋಚಿಸುತ್ತೇನೆ. ಇಪ್ಪತ್ತೈದು ವರ್ಷದ ನಂತರ ವಿಜ್ಞಾನ ಹೇಳಬಹುದಾದ ಉತ್ತರಕ್ಕೆ ಮಗುವಿನ ಔಷಧ ಕಾಯಲಾರದು. ಅದಕ್ಕೇ ಸಂದೇಹದ ಪ್ರಯೋಜನವನ್ನು ಮಗುವಿಗೆ ಕೊಟ್ಟು ಬೇಗ ಇತ್ಯರ್ಥ ಮಾಡುವ ಕ್ರಮ ಆ ದೇಶಗಳಲ್ಲಿ ಬಂದದ್ದು.

ನಮ್ಮ ದೇಶದಲ್ಲಿ ಈ ವಿಚಾರ ಅಡ್ಡದಾರಿಯಿಂದ ಒಳಗೆ ಬಂತು. ಹೊಸ ಔಷಧದ ಪ್ರಯೋಗಕ್ಕೆ ಒಳಗಾದವರಿಗೆ ತೊಂದರೆಯಾದರೆ ಪರಿಹಾರ ಕೊಡಬೇಕೆಂದು 2013ರಲ್ಲಿ ನಿಯಮವಾಯಿತು. ಪ್ರಯೋಗ ಮುಗಿದು ಊರಿಗೆಲ್ಲ ಹಂಚುವ ಲಸಿಕೆಗೆ ಆ ನಿಯಮ ಅನ್ವಯಿಸಲಿಲ್ಲ. ಆಮೇಲೆ ಕೋವಿಡ್ ಬಂತು. 2021ರ ಜನವರಿ 16ರಂದು ಲಸಿಕೆ ಶುರುವಾಯಿತು. ಅದೇ ವರ್ಷ ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ, ಕೋವಿಡ್‌ನಿಂದ ಸತ್ತವರ ಮನೆಗೆ 50,000 ರೂಪಾಯಿ ಕೊಡುವುದೆಂದಾಯಿತು. ಲಸಿಕೆ ಹಾಕಿಸಿಕೊಂಡ ಬಳಿಕ ಹೆಣ್ಣುಮಕ್ಕಳನ್ನು ಕಳೆದುಕೊಂಡ ಇಬ್ಬರು ಪೋಷಕರು ಸುಪ್ರೀಂ ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತನ್ನ ಪ್ರಮಾಣಪತ್ರದಲ್ಲಿ, ಲಸಿಕೆ ಸ್ವಇಚ್ಛೆಯದು, ಅಪರೂಪದ ಸಾವಿಗೆ ಸರ್ಕಾರ ಹೊಣೆಯಲ್ಲ, ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು ಎಂದಿತು. ಅದೇ ವರ್ಷ ಕೇರಳ ಹೈಕೋರ್ಟು, ಇಂತಹ ಸಾವುಗಳನ್ನು ಗುರುತಿಸಿ ಪರಿಹಾರ ಕೊಡಲು ಮಾರ್ಗಸೂಚಿ ಮಾಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮುಂದೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. 'ಕೋರ್ಟಿಗೆ ಹೋಗಬಹುದು' ಎಂಬ ಆ 'ಬಹುದು'ವನ್ನು ಓದಿದಾಗ ನನಗೆ ಹೊಲಿಗೆಯಾಕೆಯ ಫೈಲು ನೆನಪಾಯಿತು.

ಓದುವ ಸೋದರಿಯರಿಗೆ ಉಪಯೋಗಕ್ಕೆ ಬರಲೆಂದು ನಾಲ್ಕು ಮಾತು ಹೇಳುತ್ತೇನೆ. ಮಗುವಿನ ಲಸಿಕೆಯ ಕಾರ್ಡನ್ನು ಒಡವೆಯ ರಸೀದಿಯಂತೆ ಜೋಪಾನ ಮಾಡಿ. ದಿನಾಂಕದ ಜೊತೆಗೆ ಲಸಿಕೆಯ ಹೆಸರನ್ನೂ ಬ್ಯಾಚ್ ನಂಬರನ್ನೂ ಬರೆಸಿಕೊಳ್ಳಿ. ಸ್ವಲ್ಪ ಜ್ವರ, ಚುಚ್ಚಿದ ಕಡೆ ಊತ ಸಹಜ. ಅದಕ್ಕೂ ಮೀರಿದ್ದು ಕಂಡರೆ ಎಣ್ಣೆ ನೀವುತ್ತ ಕೂರದೆ ವೈದ್ಯರಲ್ಲಿಗೆ ಓಡಿ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಲಸಿಕೆಯ ನಂತರದ ತೊಂದರೆಗಳನ್ನು ದಾಖಲಿಸಿ ಪರಿಶೀಲಿಸುವ ವ್ಯವಸ್ಥೆ ದೇಶದಲ್ಲಿ 1988ರಿಂದಲೂ ಇದೆ. ನಾವು ಹೇಳದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ವ್ಯಾಜ್ಯದ ಮಾತು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೆಟ್ಟಿಲು ಮೊದಲು ಹತ್ತಿ. 2002ರ ತಿದ್ದುಪಡಿಯಿಂದ ಬಂದ ಖಾಯಂ ಜನತಾ ನ್ಯಾಯಾಲಯಗಳು ಆಸ್ಪತ್ರೆಯ ಸೇವೆಯ ತಕರಾರುಗಳನ್ನೂ ನೋಡುತ್ತವೆ. ಬೇರೆ ಕೋರ್ಟಿಗೆ ಹೋಗುವುದಕ್ಕೆ ಮುಂಚೆಯೇ ಅಲ್ಲಿಗೆ ಹೋಗಬೇಕು, ಶುಲ್ಕವಿಲ್ಲ. ರಾಜಿಯ ಕಾಗದ ಬಂದರೆ ಪ್ರತಿ ಸಾಲನ್ನೂ ಓದಿಸಿಕೊಂಡ ಮೇಲೆಯೇ ಸಹಿ ಹಾಕಿ.

ನಮ್ಮ ಬಡಾವಣೆಯಿಂದ ಕೃಷ್ಣರಾಜಸಾಗರ ರಸ್ತೆಯ ಕಡೆ ನಡೆದರೆ, ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆಯಿದೆ, ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೂ ಇದೆ. ಸಿಡುಬು, ಪೋಲಿಯೋಗಳ ಭಯವಿಲ್ಲದೆ ಇಂದಿನ ತಾಯಂದಿರು ಮಕ್ಕಳನ್ನು ಬೀದಿಯಲ್ಲಿ ಆಡಲು ಬಿಡುತ್ತಾರೆ. ಈ ನೆಮ್ಮದಿಯನ್ನು ದುಡ್ಡು ಕೊಟ್ಟು ಕೊಂಡದ್ದಲ್ಲ, ಎಷ್ಟೋ ಜನ ತೋಳು ಚಾಚಿದ್ದರಿಂದ ಬಂದದ್ದು. ಅವರಲ್ಲಿ ಕೆಲವರು ನಮ್ಮೆಲ್ಲರ ಪಾಲಿನ ಅಪಾಯವನ್ನು ತಾವೊಬ್ಬರೇ ಉಂಡರು. ಅಂಥವರ ಮನೆಗೆ ಹೋಗುವ ಹಣಕ್ಕೆ ಮಾನವೀಯ ದೃಷ್ಟಿ ಎಂದೋ ಅನುಕಂಪ ಎಂದೋ ಹೆಸರಿಡುವುದು ನನಗೆ ಸರಿಯೆನಿಸುವುದಿಲ್ಲ. ಸಾಲ ತೀರಿಸುವವರು ಹಣದೊಂದಿಗೆ, ನಿಮ್ಮದು ಇಷ್ಟು ನಮ್ಮಲ್ಲಿತ್ತು ಎಂಬ ಒಂದು ಮಾತನ್ನೂ ಹೇಳುತ್ತಾರೆ. ಕಾಲ್ನಡಿಗೆಯ ಹಾದಿಯಲ್ಲಿ ನನ್ನನ್ನು ಕೇಳಿದಾಕೆಗೆ ನಾನು ಕೊಟ್ಟ ಉತ್ತರವೂ ಅದೇ. ಆ ಮನೆಗೆ ಹೋಗಬೇಕಾದವರು ನಾವೆಲ್ಲರೂ, ಹೇಳಬೇಕಾದದ್ದು ಆ ಒಂದು ಮಾತು.